ಕೂಡಿಕೊಂಡ ಮೂಳೆ

ನಮ್ಮನೆ ಬೆಕ್ಕಿಗೆ ನಾವಿಟ್ಟ ಹೆಸರು ಮಹಾರಾಣಿ. ಯಾಕಂದ್ರೆ ಅವಳು ಯಾವತ್ತೂ ಹಾರುತ್ತಿರಲಿಲ್ಲ. ಸೋಫಾ ಮುಂದೆ ಬಂದು ನಿಂತು, ಮುಖ ಮೇಲೆತ್ತಿ, ಒಂದೇ ಒಂದು ಸಲ 'ಮ್ಯಾಂವ್' ಅನ್ನುವಳು. ಯಾರಾದರೂ ಎದ್ದು ಬಂದು ಎತ್ತಿ ಕೂರಿಸಬೇಕು. ಬೇರೆಯವರ ಬೆಕ್ಕುಗಳು ಫ್ರಿಜ್ ಮೇಲೆ, ಕರ್ಟನ್ ರಾಡ್ ಮೇಲೆ ಸರ್ಕಸ್ ಮಾಡುವ ರೀಲ್ಸ್ ನೋಡಿದಾಗಲೆಲ್ಲ 'ನಮ್ಮವಳು ಬಿಡಪ್ಪಾ, ಮೈಗಳ್ಳಿ' ಅಂತ ನಗುತ್ತಿದ್ದೆವು.

ಅವಳು ಸಿಕ್ಕಿದ್ದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಜೋರು ಮಳೆಯ ಒಂದು ರಾತ್ರಿ. ಮನೆಗೆ ಬಂದ ಮೇಲೆ ಕೆಲವು ವಿಚಿತ್ರಗಳು ಕಂಡವು. ಬೆನ್ನಿನ ಕೆಳಭಾಗದ ಕೂದಲು ಯಾವಾಗಲೂ ಗಂಟುಗಂಟು. ಸೊಂಟದ ಹತ್ತಿರ ಕೈ ಹೋದರೆ ಸಾಕು, ತಿರುಗಿ ಕಚ್ಚುವಳು. ಎಲ್ಲಕ್ಕಿಂತ ದೊಡ್ಡ ತಲೆನೋವು ಅಂದರೆ ಲಿಟರ್ ಟ್ರೇ ಪಕ್ಕದಲ್ಲೇ, ನೆಲದ ಮೇಲೆ ಗಲೀಜು ಮಾಡುವುದು. ವಾರಕ್ಕೆ ನಾಲ್ಕು ಸಲ. ಆಫೀಸಿನಿಂದ ಒಂಬತ್ತು ಗಂಟೆಗೆ ಬಂದು ನೆಲ ಒರೆಸುವಾಗ ಯಾರಿಗೆ ತಾಳ್ಮೆ ಇರುತ್ತೆ ಹೇಳಿ? ಬೈದಿದ್ದೇನೆ. ಒಂದು ರಾತ್ರಿ ಬುದ್ಧಿ ಬರಲಿ ಅಂತ ಬಾತ್‌ರೂಮಿನಲ್ಲಿ ಕೂಡಿಹಾಕಿದ್ದೂ ಉಂಟು. ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆಯದೆ ಈ ಲೇಖನ ಮುಂದೆ ಹೋಗಲ್ಲ.

ಮೂರು ದಿನ ಊಟ ಬಿಟ್ಟಾಗ ಡಾಕ್ಟರ ಹತ್ತಿರ ಓಡಿದೆ. ಅವರು ಹೊಟ್ಟೆ ಮುಟ್ಟಿ ನೋಡಿ ಎಕ್ಸ್‌ರೇ ತೆಗೆಸಿದರು. ಪರದೆ ಮೇಲೆ ಬಂದ ಚಿತ್ರವನ್ನು ಸುಮಾರು ಹೊತ್ತು ನೋಡಿ ಕೇಳಿದರು, "ಮೇಡಂ, ಇದಕ್ಕೆ ಆ್ಯಕ್ಸಿಡೆಂಟ್ ಆಗಿದ್ದು ಯಾವಾಗ?"

"ಯಾವ ಆ್ಯಕ್ಸಿಡೆಂಟ್?"

ಎಡಗಡೆ ತೊಡೆಯ ಮೂಳೆ ಮುರಿದು, ಒಂದರ ಮೇಲೊಂದು ಜಾರಿ, ಹಾಗೇ ಬೆಸೆದುಕೊಂಡಿತ್ತು. ಸೊಂಟದ ಮೂಳೆ ಬಿರುಕು ಬಿಟ್ಟು ಸೊಟ್ಟಗೆ ಕೂಡಿಕೊಂಡಿತ್ತು. "ಇದು ಹಳೇ ಪೆಟ್ಟು. ನಿಮ್ಮನೆಗೆ ಬರೋಕೆ ಮುಂಚೇನೇ ಆಗಿರೋದು. ಮೂಳೆ ತಾನಾಗೇ ಕೂಡ್ಕೊಂಡಿದೆ, ಆದ್ರೆ ಒಳಗಡೆ ದಾರಿ ಕಿರಿದಾಗಿದೆ. ಮಲ ಹೊರಗೆ ಬರೋದೇ ಕಷ್ಟ. ಆ ಟ್ರೇ ಅಂಚು ದಾಟೋಕೂ ನೋವಾಗತ್ತೆ." ಅಂದರೆ ನೆಲದ ಮೇಲಿನ ಗಲೀಜು ಹಟ ಆಗಿರಲಿಲ್ಲ. ಹಾರದೇ ಇದ್ದದ್ದು ರಾಜಗಾಂಭೀರ್ಯ ಆಗಿರಲಿಲ್ಲ. ಕೂದಲು ಗಂಟಾಗಿದ್ದು ಕೊಳಕುತನದಿಂದಲ್ಲ, ಅಲ್ಲಿಗೆ ನಾಲಿಗೆ ಮುಟ್ಟಿಸುವಷ್ಟು ಬೆನ್ನು ತಿರುಗುತ್ತಿರಲಿಲ್ಲ, ಅಷ್ಟೇ.

ಆ ರಾತ್ರಿ ಎಕ್ಸ್‌ರೇಯ ಫೋಟೋ ನೋಡುತ್ತಾ ಕೂತಾಗ ಒಂದೇ ಪ್ರಶ್ನೆ ಕೊರೆಯಿತು. ಎರಡು ಕಡೆ ಮೂಳೆ ಮುರಿದ ಬೆಕ್ಕು ಇಲಿ ಹಿಡಿಯೋದಿಲ್ಲ, ಗೋಡೆ ಹತ್ತೋದಿಲ್ಲ, ನಾಯಿ ಬಂದರೆ ಓಡೋದಿಲ್ಲ. ಮೂಳೆ ಕೂಡಿಕೊಳ್ಳೋಕೆ ವಾರಗಟ್ಟಲೆ ಬೇಕು. ಆ ವಾರಗಳಲ್ಲಿ ಇವಳಿಗೆ ಊಟ ಹಾಕಿದ್ದು ಯಾರು?

ಇದೇ ಪ್ರಶ್ನೆಯನ್ನು ಪುರಾತತ್ತ್ವದವರೂ ಕೇಳಿದ್ದಾರೆ, ಇನ್ನೊಂದು ಬೆಕ್ಕಿನ ಬಗ್ಗೆ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಆ ಫಾರ್ವರ್ಡ್ ಬಂದಿರುತ್ತೆ: ನಾಗರಿಕತೆಯ ಮೊದಲ ಗುರುತು ಯಾವುದು ಅಂತ ಕೇಳಿದಾಗ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 'ಕೂಡಿಕೊಂಡ ತೊಡೆಮೂಳೆ' ಅಂದರಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಆಕೆ ನಿಜಕ್ಕೂ ಹಾಗೆ ಹೇಳಿದ್ದರಾ ಅನ್ನುವುದೇ ಅನುಮಾನ. ಜೊತೆಗೆ ಕಾಡಿನ ಪ್ರಾಣಿಗಳ ಮೂಳೆಗಳೂ ಯಾರ ಸಹಾಯವಿಲ್ಲದೆ ಕೂಡಿಕೊಳ್ಳುತ್ತವೆ. ಮರದಿಂದ ಮರಕ್ಕೆ ಜಿಗಿಯುವ ಗಿಬ್ಬನ್‌ಗಳ ಅಸ್ಥಿಪಂಜರಗಳಲ್ಲಿ ಅಂಥ ಹಳೇ ಮುರಿತಗಳು ಧಾರಾಳವಾಗಿ ಸಿಕ್ಕಿವೆ. ಆದ್ದರಿಂದ ಕೂಡಿಕೊಂಡ ಮೂಳೆ ಕಂಡ ಕೂಡಲೇ ಕಣ್ಣೀರು ಹಾಕುವ ಹಾಗಿಲ್ಲ. ಎಲ್ಲಿ ಸಿಕ್ಕಿತು, ಯಾವ ಮೂಳೆ, ಜೊತೆಗೆ ಇನ್ನೇನಿತ್ತು ಅಂತ ನೋಡಬೇಕು.

ದಕ್ಷಿಣ ಈಜಿಪ್ಟಿನಲ್ಲಿ, ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ಹಿಯರಾಕನ್‌ಪೊಲಿಸ್ ಅನ್ನೋ ಜಾಗ ಇದೆ. ಗೀಝಾದ ಪಿರಮಿಡ್‌ಗಳಿಗಿಂತ ಸಾವಿರ ವರ್ಷಕ್ಕೂ ಹಳೆಯದಾದ ಸಿರಿವಂತರ ಸ್ಮಶಾನ ಅದು. ಅಲ್ಲಿ ಕ್ರಿ.ಪೂ. 3700ರ ಸುಮಾರಿನ ಒಂದು ಸಮಾಧಿಯಲ್ಲಿ ಎಳೆಯ ಕಾಡುಬೆಕ್ಕಿನ ಅಸ್ಥಿಪಂಜರ ಸಿಕ್ಕಿತು. ನಮ್ಮ ಕಡೆ ಕಬ್ಬಿನ ಗದ್ದೆ ಅಂಚಿನಲ್ಲಿ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತಲ್ಲ, ಅದೇ ಜಾತಿ. ಅದರ ಎಡ ಮುಂಗಾಲಿನ ಮೇಲಿನ ಮೂಳೆ ಮತ್ತು ಬಲ ತೊಡೆಯ ಮೂಳೆ ಎರಡೂ ಮುರಿದು, ಕೂಡಿಕೊಂಡಿದ್ದವು. ಮುಂದಿನ ಕಾಲೂ ಇಲ್ಲ, ಹಿಂದಿನ ಕಾಲೂ ಇಲ್ಲ ಅಂದಮೇಲೆ ಬೇಟೆ ಹೇಗೆ? ಅಧ್ಯಯನ ಮಾಡಿದವರು 2007ರಲ್ಲಿ ಬರೆದದ್ದು ಇಷ್ಟು: ಈ ಪ್ರಾಣಿಯನ್ನು ಮನುಷ್ಯರು ಹಿಡಿದಿಟ್ಟು, ಸಾಯುವ ಮುಂಚೆ ಹಲವು ವಾರ ನೋಡಿಕೊಂಡಿದ್ದಾರೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಒಳ್ಳೇ ಫಾರ್ವರ್ಡ್ ಆಗುತ್ತಿತ್ತು. ಆದರೆ ಆ ಬೆಕ್ಕು ಸಿಕ್ಕಿದ್ದು ಸಮಾಧಿಯಲ್ಲಿ. ಅದು ವಯಸ್ಸಾಗಿ ಸತ್ತದ್ದಲ್ಲ, ಬಲಿ ಕೊಟ್ಟದ್ದು. ವಾರಗಟ್ಟಲೆ ತಿನ್ನಿಸಿ, ಮೂಳೆ ಕೂಡುವವರೆಗೆ ಕಾದು, ಆಮೇಲೆ ಯಾರೋ ದೊಡ್ಡ ಮನುಷ್ಯನ ಸಾವಿಗೆ ಜೊತೆ ಮಾಡಿ ಕಳಿಸಿದರು. ತಟ್ಟೆ ಇಟ್ಟ ಕೈ, ಬಲಿ ಕೊಟ್ಟ ಕೈ ಎರಡೂ ಒಂದೇನಾ? ಮೂಳೆ ಅದನ್ನು ಹೇಳುವುದಿಲ್ಲ.

'ಈಜಿಪ್ಟಿನವರು ಬೆಕ್ಕನ್ನ ದೇವರು ಅಂತ ಪೂಜಿಸ್ತಿದ್ರು' ಅಂತ ನಾವೆಲ್ಲ ಸ್ಕೂಲಿನಲ್ಲಿ ಓದಿದ್ದೇವೆ. ಬಾಸ್ಟೆಟ್ ಅನ್ನೋ ಬೆಕ್ಕಿನ ಮುಖದ ದೇವಿ ಇದ್ದದ್ದು ನಿಜ. ಆ ದೇವಿಗೆ ಭಕ್ತರು ಬೆಕ್ಕಿನ ಮಮ್ಮಿಗಳನ್ನು ಹರಕೆ ಒಪ್ಪಿಸುತ್ತಿದ್ದದ್ದೂ ನಿಜ. ಈಗ ಆ ಮಮ್ಮಿಗಳ ಒಳಗೆ ನೋಡೋಣ. 1981ರಲ್ಲಿ ಲಂಡನ್ನಿನ ಸಂಗ್ರಹದಲ್ಲಿದ್ದ ಬೆಕ್ಕಿನ ಮಮ್ಮಿಗಳ ಎಕ್ಸ್‌ರೇ ಅಧ್ಯಯನ ಪ್ರಕಟವಾಯಿತು. ಬಹಳಷ್ಟು ಬೆಕ್ಕುಗಳಿಗೆ ಒಂದು ವರ್ಷವೂ ತುಂಬಿರಲಿಲ್ಲ. ಎಷ್ಟೋ ಬೆಕ್ಕುಗಳ ಕುತ್ತಿಗೆ ಮೂಳೆ ತಿರುಚಿ ಜಾರಿತ್ತು. ಅಂದರೆ ಹರಕೆಗೆ ಬೇಡಿಕೆ ಇತ್ತು, ಬೇಡಿಕೆಗೆ ತಕ್ಕಂತೆ ಸಾಕಿ ಕೊಲ್ಲುವ ವ್ಯವಸ್ಥೆಯೂ ಇತ್ತು. ಈ ಮಮ್ಮಿಗಳು ಎಷ್ಟು ರಾಶಿ ಬಿದ್ದಿದ್ದವು ಅಂದರೆ, 1890ರಲ್ಲಿ ಸುಮಾರು 1,80,000 ಬೆಕ್ಕುಗಳ ಅವಶೇಷ, ತೂಕದಲ್ಲಿ 19 ಟನ್, ಹಡಗಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಯಿತು. ಯಾಕೆ ಗೊತ್ತಾ? ಹೊಲಕ್ಕೆ ಗೊಬ್ಬರ ಮಾಡೋಕೆ.

ಪೂಜೆ ಬೇರೆ, ಆರೈಕೆ ಬೇರೆ. ಹಾರ ಹಾಕಿಸಿಕೊಂಡ ಹಸು ಮಾರನೇ ದಿನ ಕಸದ ತೊಟ್ಟಿಯಲ್ಲಿ ಪ್ಲಾಸ್ಟಿಕ್ ತಿನ್ನುವುದನ್ನು ನೋಡುತ್ತಾ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂಜೆ ದೇವಸ್ಥಾನ ಕಟ್ಟುತ್ತೆ, ಶಾಸನ ಕೆತ್ತಿಸುತ್ತೆ, ದಾಖಲೆ ಬಿಡುತ್ತೆ. ಆರೈಕೆಗೆ ಆ ಪುರುಸೊತ್ತಿಲ್ಲ. ಅದರ ಗುರುತು ಹುಡುಕಬೇಕಂದರೆ ಸವೆದ ಹಲ್ಲಲ್ಲಿ, ಸೊಟ್ಟಗೆ ಬೆಸೆದ ಮೂಳೆಯಲ್ಲಿ ಹುಡುಕಬೇಕು.

ಅದೇ ಈಜಿಪ್ಟಿನ ಕೆಂಪು ಸಮುದ್ರದ ದಂಡೆಯಲ್ಲಿದ್ದ ಬೆರೆನಿಕೆ ಬಂದರಿಗೆ ಬನ್ನಿ. ಕ್ರಿ.ಶ. 1 ಮತ್ತು 2ನೇ ಶತಮಾನ, ರೋಮನ್ನರ ಕಾಲ. ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಹಡಗುಗಳು ಸರಕು ಇಳಿಸುತ್ತಿದ್ದ ಜಾಗ. ಅಲ್ಲಿನ ದೇವಾಲಯವೊಂದರಲ್ಲಿ ಏಳು ಕಿಲೋಗೂ ಹೆಚ್ಚು ಕರಿಮೆಣಸು ಸಿಕ್ಕಿದೆ. ಗೋವಿಂದ ಪೈಗಳು ಕನ್ನಡದ ಮಾತುಗಳಿವೆ ಅಂತ ಚರ್ಚಿಸಿದ ಗ್ರೀಕ್ ಪ್ರಹಸನದ ಹಸ್ತಪ್ರತಿಯೂ ಹೆಚ್ಚುಕಡಿಮೆ ಇದೇ ವ್ಯಾಪಾರದ ಕಾಲದ್ದು. ಈ ಬಂದರಿನ ಹೊರವಲಯದ ಕಸದ ದಿಬ್ಬದ ಕೆಳಗೆ ಒಂದು ಪ್ರಾಣಿಗಳ ಸ್ಮಶಾನ ಪತ್ತೆಯಾಯಿತು. 2021ರ ವರದಿಯ ಹೊತ್ತಿಗೆ 585 ಪ್ರಾಣಿಗಳು, ಅವುಗಳಲ್ಲಿ ಶೇ. 90ಕ್ಕೂ ಹೆಚ್ಚು ಬೆಕ್ಕುಗಳು. ಜೊತೆಗೆ ನಾಯಿಗಳು, ಇಂಡಿಯಾದಿಂದ ಹೋದ ಮಂಗಗಳೂ.

ಇಲ್ಲಿ ಮಮ್ಮಿ ಇಲ್ಲ, ಹರಕೆ ಇಲ್ಲ. ಕೆಲವು ಬೆಕ್ಕುಗಳ ಕುತ್ತಿಗೆಯಲ್ಲಿ ಕಬ್ಬಿಣದ ಪಟ್ಟಿ, ಕೆಲವಕ್ಕೆ ಮಣಿಸರ. ಮಲಗಿದ ಹಾಗೆ ಇಟ್ಟು ಮಣ್ಣು ಮಾಡಿದ್ದಾರೆ. ಹಲ್ಲುದುರಿದ, ಕೀಲು ಸವೆದ ಮುದಿ ಪ್ರಾಣಿಗಳೂ ಅಲ್ಲಿವೆ. ಹಲ್ಲಿಲ್ಲದವಕ್ಕೆ ಮೆತ್ತಗಿನದ್ದೇನಾದರೂ ಕಲಸಿ ಕೊಡಬೇಕಲ್ಲ? ಸುತ್ತ ಮರಳುಗಾಡು. ಬಹುಪಾಲು ಆಹಾರ ನೈಲ್ ಕಣಿವೆಯಿಂದ ಬರಬೇಕಿದ್ದ ಊರು. ಅಂಥ ಕಡೆ ಒಂದು ಮುದಿ ಪ್ರಾಣಿಯ ಬಟ್ಟಲಿಗೆ ಪಾಲು ಎತ್ತಿಟ್ಟವರು ಯಾರು ಅನ್ನುವುದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಇನ್ನೊಂದು ಬೆಕ್ಕಿನ ಬಗ್ಗೆ ಹೇಳಲೇಬೇಕು. ಕಝಕ್‌ಸ್ತಾನದ ಝಾಂಕೆಂಟ್. ಅಲ್ಲಿದ್ದವರು ಒಗುಝ್ ಎಂಬ ಕುರಿ, ಕುದುರೆ ಸಾಕುವ ಜನ. ಕಟ್ಟಿಟ್ಟ ಕಣಜಗಳಿರುವ ರೈತರ ಹಾಗೆ ಇವರಿಗೆ ಬೆಕ್ಕಿನಿಂದ ಅಂಥ ಲಾಭವೇನೂ ಇಲ್ಲ. ಹಾಗಿದ್ದೂ 8ರಿಂದ 10ನೇ ಶತಮಾನದ ನಡುವಿನ ಒಂದು ಗಂಡು ಬೆಕ್ಕಿನ ಅಸ್ಥಿಪಂಜರ ಅಲ್ಲಿ ಸಿಕ್ಕಿತು. 2020ರಲ್ಲಿ ವರದಿ ಬಂತು. ಪಾಪ, ಅದರ ಜೀವನ ಸುಖದ್ದಲ್ಲ. ಒಂದಲ್ಲ, ಹಲವು ಮೂಳೆಗಳು ಮುರಿದಿದ್ದವು, ಎಲ್ಲವೂ ಕೂಡಿಕೊಂಡಿದ್ದವು. ಕೊನೆಗಾಲಕ್ಕೆ ಹೆಚ್ಚುಕಡಿಮೆ ಎಲ್ಲ ಹಲ್ಲುಗಳೂ ಹೋಗಿದ್ದವು. ಮೂಳೆಯ ರಾಸಾಯನಿಕ ಪರೀಕ್ಷೆ ಮಾಡಿದರೆ ಅಚ್ಚರಿ: ಅದೇ ಊರಿನ ನಾಯಿಗಳಿಗಿಂತ ಈ ಬೆಕ್ಕಿನ ಆಹಾರದಲ್ಲಿ ಪ್ರೋಟೀನ್ ಜಾಸ್ತಿ. ಹಲ್ಲಿಲ್ಲದ, ಮೈಯೆಲ್ಲ ಮುರಿದ ಬೆಕ್ಕಿಗೆ ಊರಿನ ನಾಯಿಗಳಿಗಿಂತ ಒಳ್ಳೇ ಊಟ ಸಿಗುತ್ತಿತ್ತು. ಈ ಸಲ ಸಮಾಧಾನದಿಂದ ಹೇಳಬಹುದು, ಯಾರೋ ತಿನ್ನಿಸಿದ್ದಾರೆ ಅಂತ.

ಸರಿ, ಇಷ್ಟೆಲ್ಲ ಸಾವಿರ ವರ್ಷ ಜೊತೆಗಿದ್ದರೂ ನಮ್ಮ ಮಹಾರಾಣಿ ನೋವು ಅಂತ ಯಾಕೆ ಹೇಳಲಿಲ್ಲ? ನಾಯಿಗೆ ಮುಳ್ಳು ಚುಚ್ಚಿದರೆ ಕುಂಯ್‌ಗುಟ್ಟಿಕೊಂಡು ಬಂದು ಕಾಲು ತೋರಿಸುತ್ತೆ. ಬೆಕ್ಕು ವಾಷಿಂಗ್ ಮಷಿನ್ ಹಿಂದೆ ಹೋಗಿ ಕೂರುತ್ತೆ. ಇದಕ್ಕೂ ಒಂದು ಇತಿಹಾಸ ಇದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು 979 ಬೆಕ್ಕುಗಳ ವಂಶವಾಹಿಗಳನ್ನು ಹೋಲಿಸಿ, ಸಾಕುಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾದ ಒಂದು ಕಾಡುಬೆಕ್ಕಿನಲ್ಲಿದೆ ಅಂತ ತೋರಿಸಿತು. ಅದು ಒಂಟಿಯಾಗಿ ಬೇಟೆಯಾಡುವ ಸಣ್ಣ ಪ್ರಾಣಿ. ತೋಳದ ಹಾಗೆ ಗುಂಪಿಲ್ಲ, ಅತ್ತರೆ ಬರುವವರಿಲ್ಲ. ಬದಲಿಗೆ, ಕುಂಟುವುದು ದೊಡ್ಡ ಪ್ರಾಣಿಯ ಕಣ್ಣಿಗೆ ಬಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಹಾಗಾಗಿ ನೋವನ್ನು ಅಡಗಿಸುವುದೇ ಬದುಕುವ ದಾರಿ ಆಯಿತು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ನಮ್ಮ ಕಣಜದ ಇಲಿಗಳ ಆಸೆಗೆ ಮನೆ ಹತ್ತಿರ ಬಂದ ಬೆಕ್ಕು ಆ ಅಭ್ಯಾಸವನ್ನು ಕಾಡಿನಲ್ಲಿ ಬಿಟ್ಟು ಬರಲಿಲ್ಲ.

ನಾವೂ ಕಮ್ಮಿ ಏನಲ್ಲ. ಬೆಕ್ಕಿನ ನೋವನ್ನು ತಮಾಷೆ ಮಾಡಿಕೊಂಡವರು ನಾವು. ತೆನಾಲಿ ರಾಮನ ಬೆಕ್ಕಿನ ಕಥೆ ನೆನಪಿದೆಯಾ? ಇಲಿಕಾಟ ಅಂತ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದಕ್ಕೆ ಹಾಲಿಗೆ ಅಂತ ಒಂದು ಹಸು ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ, ಬೆಕ್ಕು ನಾಲಿಗೆ ಸುಟ್ಟುಕೊಂಡಿತು, ಆಮೇಲೆ ಹಾಲು ಕಂಡರೆ ಓಟ. ಹಾಲೆಲ್ಲ ಇವನ ಮನೆಯವರಿಗೆ. ಆಸ್ಥಾನದಲ್ಲಿ ಎಲ್ಲರೂ ನಕ್ಕರು, ಚಿಕ್ಕವಳಿದ್ದಾಗ ಅಜ್ಜಿಯ ತೊಡೆ ಮೇಲೆ ಮಲಗಿ ನಾನೂ ನಕ್ಕಿದ್ದೇನೆ. ಇದು ಜನ ಹೇಳಿಕೊಂಡು ಬಂದ ಕಥೆ, ಚರಿತ್ರೆ ಅಲ್ಲ. ಆದರೆ ಈಗ ಯೋಚಿಸಿದರೆ ಅದು ಒಂದು ಹಳೇ ಪೆಟ್ಟಿನ ಕಥೆ. ರಾಜನಿಗೆ ಕಂಡದ್ದು ಹಾಲು ಕುಡಿಯದ ವಿಚಿತ್ರ ಬೆಕ್ಕು. ಸುಟ್ಟ ನಾಲಿಗೆ ಎಲ್ಲರಿಗಿಂತ ಕೊನೆಗೆ ಕಂಡಿತು.

'ಬೆಕ್ಕು ಎಲ್ಲಿಂದ ಬಿದ್ರೂ ನಾಲ್ಕು ಕಾಲ ಮೇಲೆ ನಿಲ್ಲುತ್ತೆ, ಅದಕ್ಕೇನೂ ಆಗಲ್ಲ' ಅನ್ನೋದು ಇನ್ನೊಂದು. ಅರ್ಧ ನಿಜ. 1894ರಲ್ಲಿ ಫ್ರಾನ್ಸಿನ ಮಾರೇ ಎಂಬ ವಿಜ್ಞಾನಿ ಬೀಳುವ ಬೆಕ್ಕಿನ ಸಾಲು ಫೋಟೋ ತೆಗೆದು, ಅದು ಗಾಳಿಯಲ್ಲೇ ಮೈ ತಿರುಗಿಸುವುದನ್ನು ತೋರಿಸಿದ. 1987ರಲ್ಲಿ ನ್ಯೂಯಾರ್ಕಿನ ವೈದ್ಯರಿಬ್ಬರು ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಬಗ್ಗೆ ಬರೆದರು. ಚಿಕಿತ್ಸೆ ಸಿಕ್ಕಿದವುಗಳಲ್ಲಿ ಶೇ. 90 ಬದುಕಿದವು. ಪೇಪರಿನವರಿಗೆ ಅಷ್ಟೇ ಸಾಕಾಯಿತು. ಆದರೆ ಬಿದ್ದಲ್ಲೇ ಸತ್ತ ಬೆಕ್ಕನ್ನು ಆಸ್ಪತ್ರೆಗೆ ಯಾರು ತರುತ್ತಾರೆ? ಬದುಕಿದವುಗಳಲ್ಲೂ ಎದೆಗೆ ಪೆಟ್ಟು, ಮುರಿದ ದವಡೆ, ಮುರಿದ ಕಾಲು ಸಾಕಷ್ಟಿದ್ದವು. ಬಾಲ್ಕನಿಗೆ ನೆಟ್ ಹಾಕಿಸಿ ಅಂತ ಡಾಕ್ಟರು ಹೇಳೋದು ಸುಮ್ಮನೆ ಅಲ್ಲ.

ಬೆಕ್ಕಿನ ನೋವನ್ನು ಓದುವ ವಿದ್ಯೆ ತೀರಾ ಇತ್ತೀಚಿನದು. 2010ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎಲ್ಲ ವಯಸ್ಸಿನ 100 ಬೆಕ್ಕುಗಳಿಗೆ ಎಕ್ಸ್‌ರೇ ಮಾಡಿ ನೋಡಿದರೆ 90ಕ್ಕೂ ಹೆಚ್ಚು ಬೆಕ್ಕುಗಳಲ್ಲಿ ಒಂದಾದರೂ ಕೀಲು ಸವೆದಿತ್ತು. 2019ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ಪಟ್ಟಿ ತಯಾರಾಯಿತು: ಕಿವಿ, ಕಣ್ಣು, ಮೂತಿ, ಮೀಸೆ, ತಲೆ, ಹೀಗೆ ಐದು ಗುರುತು, ಒಂದೊಂದಕ್ಕೆ 0ಯಿಂದ 2 ಅಂಕ. ಕಿವಿ ಹೊರಗಡೆ ವಾಲಿ, ಕಣ್ಣು ಕಿರಿದಾಗಿ, ತಲೆ ಭುಜಕ್ಕಿಂತ ಕೆಳಗೆ ಹೋಗಿದ್ದರೆ ಅದು ನಿದ್ದೆ ಅಲ್ಲ, ನೋವು. ಅದು ಹೊಸ ಪೆಟ್ಟಿನ, ತೀವ್ರ ನೋವಿಗೆ. ಮಹಾರಾಣಿಯಂಥ ಹಳೇ ನೋವಿಗೆ ದಿನಚರಿಯನ್ನೇ ನೋಡಬೇಕು. ಏನು ಮಾಡುತ್ತಾಳೆ ಅಂತ ಅಲ್ಲ, ಏನನ್ನು ಮಾಡುವುದು ಬಿಟ್ಟಿದ್ದಾಳೆ ಅಂತ.

ಈಗ ಮನೆಯ ಏರ್ಪಾಡು ಬದಲಾಗಿದೆ. ಸೋಫಾ ಮುಂದೆ ಎರಡು ಮಣೆ, ಒಂದು ದಪ್ಪ, ಒಂದು ತೆಳ್ಳಗೆ, ಮೆಟ್ಟಿಲಿನ ಹಾಗೆ. ಲಿಟರ್ ಟ್ರೇಯ ಒಂದು ಬದಿ ಕತ್ತರಿಸಿ ತಗ್ಗು ಮಾಡಿದ್ದೇವೆ. ನೀರಿನಂಶ ಜಾಸ್ತಿ ಇರುವ ಊಟ, ಮೂರು ಕಡೆ ನೀರಿನ ಬಟ್ಟಲು, ಡಾಕ್ಟರು ಅಳತೆ ಬರೆದುಕೊಟ್ಟ ಲ್ಯಾಕ್ಟುಲೋಸ್ ಸಿರಪ್. ಮಲ ಒಳಗೇ ನಿಂತು ನಿಂತು ದೊಡ್ಡ ಕರುಳು ಹಿಗ್ಗಿಬಿಟ್ಟರೆ ಅದು ಮತ್ತೆ ಕುಗ್ಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತಂತೆ. ಆದ್ದರಿಂದ ದಿನಾ ಲೆಕ್ಕ ಬರೆದಿಡುತ್ತೇನೆ. ಆಫೀಸಿನ ಸ್ಪ್ರೆಡ್‌ಶೀಟ್‌ಗಿಂತ ನಿಯತ್ತಾಗಿ. ತೂಕ ಏರದ ಹಾಗೆ ನೋಡಿಕೊಳ್ಳಬೇಕು. ನೋವಿನ ಮಾತ್ರೆ ಡಾಕ್ಟರು ಕೊಟ್ಟದ್ದು ಮಾತ್ರ. ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ: ನಮ್ಮ ಮನೆಯ ಪ್ಯಾರಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಪಾಪ ಅನ್ನಿಸಿ ಕೊಡೋ ಅರ್ಧ ಮಾತ್ರೆಯೂ ಬೇಡ.

ಊಟ ಹಾಕಿದ್ದು ಯಾರು ಅನ್ನುವ ಪ್ರಶ್ನೆ ಮಾತ್ರ ಉಳಿದಿತ್ತು. ಉತ್ತರ ಸಿಕ್ಕಿದ್ದು ನಾನು ಹುಡುಕಿಯಲ್ಲ. ಒಂದು ಶನಿವಾರ ಬೆಳಿಗ್ಗೆ ಗೇಟಿನೆದುರಿನ ಗಾಡಿಯಲ್ಲಿ ಟೀ ಕುಡಿಯುತ್ತಾ, ಟೀ ಮಾರುವ ಅಕ್ಕನಿಗೆ ಸುಮ್ಮನೆ ಫೋನಿನಲ್ಲಿ ಬೆಕ್ಕಿನ ಫೋಟೋ ತೋರಿಸಿದೆ.

"ಅಯ್ಯೋ, ಇದು ನಮ್ ಕುಂಟಮ್ಮ ಅಲ್ವಾ?"

ಹಿಂದಿನ ವರ್ಷದ ಮಳೆಗಾಲವಂತೆ. ರಾತ್ರಿ ಯಾವುದೋ ಕಾರು ಹೊಡೆದು ಹೋಯಿತಂತೆ. ಬೆಳಿಗ್ಗೆ ಗಾಡಿ ಕೆಳಗೆ ತೆವಳಿಕೊಂಡು ಬಂದು ಮಲಗಿತ್ತು. ಬಿಸ್ಕೆಟ್ ಬಂದ ರಟ್ಟಿನ ಡಬ್ಬಿಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದರು. ಹಾಲು, ಬನ್ನು, ಮನೆಯಿಂದ ಮೀನಿನ ತಲೆ. "ಎರಡು ತಿಂಗಳು ಹಂಗೇ ಇತ್ತಮ್ಮ. ಆಮೇಲೆ ಎದ್ದು ಕುಂಟ್ಕೊಂಡು ಓಡಾಡ್ತು. ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಕ್ಕೆ ನಮ್ ಹತ್ರ ಎಲ್ಲಿತ್ತು ದುಡ್ಡು? ಆಮೇಲೆ ಫುಟ್‌ಪಾತ್ ಖಾಲಿ ಮಾಡಿ ಅಂತ ನಮ್ಮನ್ನ ಎಬ್ಬಿಸಿದ್ರಲ್ಲ, ಒಂದು ತಿಂಗಳು ಗಾಡಿ ಹಾಕ್ಲಿಲ್ಲ. ವಾಪಸ್ ಬಂದು ನೋಡಿದ್ರೆ ಇರ್ಲಿಲ್ಲ. ಸತ್ತೋಯ್ತು ಅನ್ಕೊಂಡೆ."

ಎಂಟು ತಿಂಗಳು ಒಂದೇ ಮನೆಯಲ್ಲಿದ್ದು, ಎಕ್ಸ್‌ರೇ ತೆಗೆಸಿ ನಾನು ಕಂಡುಕೊಂಡದ್ದು ಆಕೆ ಇಟ್ಟ ಹೆಸರಿನಲ್ಲೇ ಇತ್ತು. ನಾನು ಕೊಟ್ಟ ಹೆಸರಿನಲ್ಲಿ ನನ್ನ ತಪ್ಪಿತ್ತು.

ಟೀ ದುಡ್ಡು ಕೊಡಲು ಹೋದರೆ ಅಕ್ಕ ತೆಗೆದುಕೊಳ್ಳಲಿಲ್ಲ. ಲೋಟ ತೊಳೆಯುತ್ತಾ ತಿರುಗಿ ಕೇಳಿದರು, "ಇನ್ನೂ ಕುಂಟತ್ತಾ?"

"ಕುಂಟತ್ತೆ ಅಕ್ಕ. ಈಗ ಮೆಟ್ಲು ಮಾಡ್ಕೊಟ್ಟಿದೀನಿ."

"ಹೂಂ. ಮೀನಿನ ತಲೆ ಅಂದ್ರೆ ಅದಕ್ಕೆ ಪ್ರಾಣ, ಹಾಕ್ತೀಯಾ?"

ಮುಳ್ಳು ಚುಚ್ಚುತ್ತೆ, ಡಾಕ್ಟರು ಬೇಡ ಅಂದಿದ್ದಾರೆ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಸಂಜೆ ಮೀನು ತಂದು ಬೇಯಿಸಿ, ಮುಳ್ಳು ಬಿಡಿಸಿ, ಮೆತ್ತಗಿನ ಭಾಗ ಒಂದು ಚಮಚದಷ್ಟು ಬಟ್ಟಲಿಗೆ ಹಾಕಿದೆ. ಮಹಾರಾಣಿ ಮಣೆ ಮೇಲಿಂದ ಒಂದೊಂದೇ ಹೆಜ್ಜೆ ಇಟ್ಟು ಇಳಿದು ಬಂದಳು.